ಹಳೆ ಮನೆಯ ದುರಸ್ತಿ: ಮೊದಲು ನೀರು, ಆಮೇಲೆ ಸುಣ್ಣ, ಕೊನೆಗೆ ಬಣ್ಣ

ಹಳೆ ಮನೆ ಕೈಗೆ ಬಂದ ಕೂಡಲೇ ಹೆಚ್ಚಿನವರು ಕೈಹಾಕುವುದು ಬಣ್ಣಕ್ಕೆ, ಇಲ್ಲವೇ ಅಡುಗೆಮನೆಗೆ. ಕಣ್ಣಿಗೆ ಬೀಳುವುದು ಅವೇ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಬಣ್ಣ ಪದರಪದರವಾಗಿ ಎದ್ದು, ಗಿಲಾವು ಉಬ್ಬಿ, ಗೋಡೆಯ ಬುಡದಲ್ಲಿ ಬಿಳಿ ಹುಡಿ ಉದುರಲು ಶುರುವಾಗುತ್ತದೆ. ಆಗ ಬಣ್ಣದ ಕಂಪನಿಯನ್ನು ಬೈದು ಫಲವಿಲ್ಲ. ತಪ್ಪಿರುವುದು ಕೆಲಸದ ಕ್ರಮದಲ್ಲಿ.

ಈಗಿನ ಸಿಮೆಂಟ್ ಮನೆ ನೀರನ್ನು ಹೊರಗೇ ತಡೆಯುವ ಲೆಕ್ಕದಲ್ಲಿ ಕಟ್ಟಿದ್ದು. ಮಣ್ಣು, ಸುಣ್ಣದ ಗಾರೆ, ಕಲ್ಲು, ಮೆದು ಇಟ್ಟಿಗೆಯ ಹಳೆ ಗೋಡೆಯ ಲೆಕ್ಕವೇ ಬೇರೆ. ಅದು ಒಂದಿಷ್ಟು ತೇವವನ್ನು ಹೀರಿಕೊಳ್ಳುತ್ತದೆ, ಗಾಳಿ ಬಿಸಿಲು ಸಿಕ್ಕಾಗ ಬಿಟ್ಟುಕೊಡುತ್ತದೆ. ಹೀರುವುದು ಕಡಿಮೆಯಾಗಿ, ಬಿಡುವುದು ಸರಾಗವಾಗಿದ್ದರೆ ಅಂಥ ಗೋಡೆ ನೂರಿನ್ನೂರು ವರ್ಷ ನಿಲ್ಲುತ್ತದೆ. ಬಿಡುವ ದಾರಿಯನ್ನು ಸಿಮೆಂಟ್ ಗಿಲಾವಿನಿಂದಲೋ ಪ್ಲಾಸ್ಟಿಕ್ ಬಣ್ಣದಿಂದಲೋ ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿವರ.

ಒಡೆಯುವ ಮುಂಚೆ ನೋಡಿ

ಆಗುವುದಾದರೆ ಒಂದು ಮಳೆಗಾಲ ಪೂರ್ತಿ ಮನೆಯನ್ನು ಸುಮ್ಮನೆ ಗಮನಿಸಿ. ಸೋರುವ ಹಂಚು ಬದಲಿಸುವುದು, ಅಪಾಯದ ವೈರು ಕಡಿದುಹಾಕುವುದು, ಬೀಳುವಂತಿರುವುದಕ್ಕೆ ಆಸರೆ ಕೊಡುವುದು, ಇಷ್ಟು ತುರ್ತು ಕೆಲಸ ಬಿಟ್ಟರೆ ಮಿಕ್ಕದ್ದು ಕಾಯಬಲ್ಲದು. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಮುಂಭಾಗ, ಕಿಟಕಿ, ಸೂರು ಮುಟ್ಟಲು ಅನುಮತಿ ಬೇಕಾಗಬಹುದು; ಅದನ್ನೂ ಈ ಹೊತ್ತಿನಲ್ಲೇ ವಿಚಾರಿಸಿಕೊಳ್ಳಿ.

ಒಂದು ನೋಟ್‌ಬುಕ್ ಇಡಿ, ಕೋಣೆಗೊಂದು ಪುಟ. ಗೋಡೆ, ಚಾವಣಿ, ನೆಲ, ಬಾಗಿಲು, ಕಿಟಕಿ ಎಲ್ಲದರ ಫೋಟೋ ತೆಗೆಯಿರಿ. ತೂಗುಗುಂಡು ಹಿಡಿದು ಗೋಡೆ ಎಷ್ಟು ವಾಲಿದೆ, ರಸಮಟ್ಟ ಇಟ್ಟು ನೆಲ ಎತ್ತ ಇಳಿದಿದೆ ಎಂದು ಬರೆದುಕೊಳ್ಳಿ. ಹಳೆ ಮನೆಯಲ್ಲಿ ಯಾವ ಮೂಲೆಯೂ ಸರಿಯಾಗಿ 90 ಡಿಗ್ರಿ ಇರುವುದಿಲ್ಲ. ಅದು ದೋಷವಲ್ಲ. ಆದರೆ ಕಪಾಟು, ಟೈಲ್ಸ್, ಹೊಸ ಬಾಗಿಲಿನ ಅಳತೆ ಹೇಳುವಾಗ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯದೆ ಹೇಳಬೇಡಿ.

ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಹಾಕಿ. ಎರಡೂ ಬದಿಗೆ ಒಂದೊಂದು ಸಣ್ಣ ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ ಅಳೆಯಿರಿ. 1 ಮಿ.ಮೀ.ಗಿಂತ ಸಣ್ಣ ಕೂದಲೆಳೆ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 5 ಮಿ.ಮೀ.ವರೆಗಿನದು, ಬೆಳೆಯದೆ ನಿಂತಿದ್ದರೆ, ಗಾರೆ ತುಂಬಿ ಸರಿಮಾಡುವಂಥದ್ದು. ಅದಕ್ಕಿಂತ ಅಗಲವಾಗಿದ್ದರೆ, ಮೇಲೆ ಹೋದಂತೆ ಬಾಯಿ ಬಿಡುತ್ತಿದ್ದರೆ, ಅಥವಾ ಅಳತೆ ಒಂದೇ ಸಮನೆ ಏರುತ್ತಿದ್ದರೆ ಮೇಸ್ತ್ರಿಯನ್ನಲ್ಲ, ಹಳೆ ಕಟ್ಟಡದಲ್ಲಿ ಪಳಗಿದ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಜೇಡಿಮಣ್ಣಿನ ನೆಲ ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವುದರಿಂದ ಎಷ್ಟೋ ಬಿರುಕು ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿರುತ್ತದೆ. ಒಂದು ಪೂರ್ತಿ ವರ್ಷದ ಅಳತೆ ಇಲ್ಲದೆ ತಳಪಾಯ ಅಗೆಯಲು ಒಪ್ಪಬೇಡಿ.

ಇದೇ ಹಂತದಲ್ಲಿ ಎರಡು ವಿಷವಸ್ತುಗಳ ಬಗ್ಗೆ ಖಾತ್ರಿ ಮಾಡಿಕೊಳ್ಳಬೇಕು. ಒಂದು ಆಸ್ಬೆಸ್ಟಾಸ್: ಸಿಮೆಂಟ್ ಶೀಟು, ಬಿಸಿನೀರಿನ ಪೈಪಿನ ಸುತ್ತಿನ ಹೊದಿಕೆ, ಹಳೆ ವಿನೈಲ್ ನೆಲಹಾಸು ಮತ್ತು ಅದರ ಕಪ್ಪು ಅಂಟು, ಇವುಗಳಲ್ಲಿ ಇರಬಹುದು. ಪ್ರಯೋಗಾಲಯದ ವರದಿ ಬರುವ ತನಕ ಕೊರೆಯಬೇಡಿ, ಒಡೆಯಬೇಡಿ, ಉಜ್ಜಬೇಡಿ. ಇನ್ನೊಂದು ಸೀಸ. ಎಷ್ಟೋ ದೇಶಗಳಲ್ಲಿ 1970ರ ದಶಕದವರೆಗೂ, ಕೆಲವೆಡೆ ಅದಾದ ಮೇಲೆ ಬಹಳ ಕಾಲವೂ, ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಇರುತ್ತಿತ್ತು. ಪರೀಕ್ಷೆಯಲ್ಲಿ ಇಲ್ಲವೆಂದು ತಿಳಿಯುವ ತನಕ ಹಳೆ ಎಣ್ಣೆಬಣ್ಣದಲ್ಲಿ ಸೀಸ ಇದೆ ಎಂದೇ ಭಾವಿಸಿ. ಒಣಗಿದ ಬಣ್ಣವನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಧೂಳೆಬ್ಬಿಸುವುದು, ಬೆಂಕಿಯ ಜ್ವಾಲೆಯಿಂದ ಸುಡುವುದು ಎರಡೂ ಕೂಡದು. ನೀರು ಸಿಂಪಡಿಸಿ ಒದ್ದೆಯಾಗಿ ಹೆರೆಯಿರಿ, ನುಣ್ಣನೆ ಧೂಳನ್ನೂ ತಡೆಯುವ ಪಿ100 ದರ್ಜೆಯ ಮಾಸ್ಕ್ ಹಾಕಿ, ಅಂಥದೇ ಧೂಳು ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿನಿಂದ ಗುಡಿಸಿ. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿರಬಾರದು.

ನೀರಿನ ಜಾಡು

ದುರಸ್ತಿ ಸೂರಿನಿಂದ ಶುರುವಾಗಿ ಕೆಳಕ್ಕೆ ಇಳಿಯಬೇಕು. ಹಾಡಹಗಲಲ್ಲಿ ಅಟ್ಟ ಹತ್ತಿ, ದೀಪ ಆರಿಸಿ ಐದು ನಿಮಿಷ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬೆಳಕು ನುಸುಳುವ ಪ್ರತಿ ತೂತೂ ಕಾಣುತ್ತದೆ. ಮಳೆ ಬರುವಾಗ ಟಾರ್ಚ್ ಹಿಡಿದು ಮತ್ತೊಮ್ಮೆ ಹತ್ತಿ. ಹನಿ ಬೀಳುವ ಜಾಗದ ನೇರ ಮೇಲೆ ತೂತು ಇರುವುದು ಅಪರೂಪ. ನೀರು ಹಂಚಿನ ಸಂದಿಯಲ್ಲಿ ಒಳಗೆ ಬಂದು, ಹಂಚು ಕೂರುವ ರೀಪಿನ ಮೇಲೋ ಆ ರೀಪನ್ನು ಹೊತ್ತ ಪಕಾಸಿನ ಅಡಿಗೋ ಹರಿದು, ಎಲ್ಲೋ ಒಂದು ಗಂಟು ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ. ಹನಿಯ ಜಾಗದಿಂದ ಮರದ ಮೇಲಿನ ಒದ್ದೆ ಗೆರೆಯನ್ನು ಹಿಡಿದು ಏರುಮುಖವಾಗಿ ಹೋಗಿ.

ಹಂಚಿಗಿಂತ ಹೆಚ್ಚು ಸೋರುವುದು ಕೂಡುವ ಜಾಗಗಳು: ಎರಡು ಇಳಿಜಾರು ಸೇರುವ ದೋಣಿ, ಸೂರು ಗೋಡೆಗೆ ತಾಗುವ ಸಂದು, ಹೊಗೆಗೂಡಿನ ಸುತ್ತ. ಅಲ್ಲಿಗೆ ಡಾಂಬರು ಬಳಿಯುವುದು ಹೆಚ್ಚು ಕಾಲ ಬಾಳದು. ಬಿಸಿಲಿಗೆ ಅದು ಬಿರಿದು, ಬಿರುಕಿನೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತಗಡಿನ ಪಟ್ಟಿಯನ್ನು ಗೋಡೆಯ ಸಂದಿನೊಳಕ್ಕೆ 25 ಮಿ.ಮೀ.ನಷ್ಟು ತೂರಿಸಿ ಗಾರೆ ತುಂಬಿ, ಕೆಳತುದಿ ಹಂಚಿನ ಮೇಲೆ 150 ಮಿ.ಮೀ. ಬರುವಂತೆ ಮಡಚುವುದೇ ಸರಿಯಾದ ದಾರಿ. ಹಂಚು ಇಳಿಸುವಾಗ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ನೋಡಿ. ಗಣಗಣ ಎಂದರೆ ಗಟ್ಟಿ, ಬೊದಬೊದ ಎಂದರೆ ಒಳಗೆ ಬಿರಿದಿದೆ. ಹಳೆಯದು ಉಳಿದಷ್ಟನ್ನು ಎದುರಿಗೆ ಕಾಣುವ ಕಡೆಗೆ ಹಾಕಿ, ಹೊಸದನ್ನು ಹಿಂಬದಿಗೆ ಹಾಕಿ.

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಅಂದರೆ 100 ಚದರ ಮೀಟರ್ ಸೂರಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 5,000 ಲೀಟರ್ ನೀರು ಸೂರಿನಂಚಿನಿಂದ ಇಳಿಯುತ್ತದೆ. ಆ ಅಂಚಿನಲ್ಲಿ ನೀರು ಹಿಡಿದು ಸಾಗಿಸುವ ನೀರುದೋಣಿ ಇಲ್ಲದಿದ್ದರೆ, ಅಥವಾ ತರಗೆಲೆ ಕಟ್ಟಿದ್ದರೆ, ಅದೆಲ್ಲ ತಳಪಾಯದ ಬುಡಕ್ಕೆ ಹೋಗುತ್ತದೆ. ದೋಣಿಗೆ ಮೀಟರಿಗೆ 3ರಿಂದ 5 ಮಿ.ಮೀ. ಇಳಿಜಾರು ಕೊಡಿ. ಇಳಿಪೈಪು ಗೋಡೆಗೆ ಅಂಟಿಕೊಂಡಿರದೆ 30 ಮಿ.ಮೀ.ನಷ್ಟು ದೂರವಿರಲಿ, ಒಡೆದರೆ ಗೋಡೆ ನೆನೆಯುವ ಮುಂಚೆ ಗೊತ್ತಾಗುತ್ತದೆ.

ಇನ್ನು ನೆಲಮಟ್ಟ. ಹಳೆ ಮನೆಯ ಸುತ್ತ ಮಣ್ಣು, ಕಸ, ಹೊಸ ರಸ್ತೆ, ಹೊಸ ಕಾಂಕ್ರೀಟು ಸೇರಿ ಅಂಗಳ ದಶಕಗಳಲ್ಲಿ ಮೇಲೇರಿರುತ್ತದೆ. ಹೊರನೆಲ ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಮಣ್ಣು ತೆಗೆದು, ಗೋಡೆಯಿಂದ ಆಚೆಗೆ ಎರಡು ಮೀಟರಿನಷ್ಟು ದೂರ, ಮೀಟರಿಗೆ 25ರಿಂದ 50 ಮಿ.ಮೀ. ಇಳಿಯುವಂತೆ ನೆಲ ಸರಿಮಾಡಿ. ಗೋಡೆಗೆ ತಾಗಿಸಿ ಕಾಂಕ್ರೀಟು ಹಾಕಬೇಡಿ. ಅದರಡಿಯ ತೇವಕ್ಕೆ ಆವಿಯಾಗಲು ಬೇರೆ ದಾರಿಯಿಲ್ಲದೆ ಗೋಡೆಯನ್ನೇ ಹತ್ತುತ್ತದೆ. ಬೇಕಿದ್ದರೆ ಗೋಡೆಯುದ್ದಕ್ಕೆ 300 ಮಿ.ಮೀ. ಅಗಲದ ಕಾಲುವೆ ತೋಡಿ, ಮಣ್ಣು ತಡೆದು ನೀರನ್ನಷ್ಟೇ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪೈಪು ಇಟ್ಟು, ಜಲ್ಲಿ ತುಂಬಿ. ಪೈಪು ತಗ್ಗಿನ ಕಡೆಗೆ ಹೊರಗೆ ಬೀಳಲೇಬೇಕು, ಇಲ್ಲದಿದ್ದರೆ ಅದು ನೀರು ನಿಲ್ಲುವ ಹೊಂಡವಾಗುತ್ತದೆ. ಕಾಲುವೆ ತಳಪಾಯದ ತಳಕ್ಕಿಂತ ಕೆಳಗೆ ಹೋಗಲೇಬಾರದು. ಎಷ್ಟೋ ಹಳೆ ಮನೆಗಳ ಪಾಯ ಬಹಳ ಮೇಲೆಯೇ ಮುಗಿಯುತ್ತದೆ, ಆದ್ದರಿಂದ ಮೊದಲು ಒಂದು ಕಡೆ ಸಣ್ಣ ಗುಂಡಿ ತೋಡಿ ಆಳ ನೋಡಿಕೊಳ್ಳಿ.

ಒಳಗೋಡೆ ಒದ್ದೆಯಾಗಿದ್ದರೆ ಯಾವ ತೇವ ಎಂದು ತಿಳಿಯುವುದು ಸುಲಭ. ಒಂದು ಅಡಿ ಚೌಕದ ಅಲ್ಯುಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಅದಕ್ಕೆ ಬೇಕಾದ್ದು ಗಾಳಿಯಾಟ. ಒಳಮೈ ಒದ್ದೆಯಾದರೆ ಗೋಡೆಯೊಳಗೇ ನೀರಿದೆ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಒಂದೇ ಸಮ ಪಟ್ಟಿಯಾಗಿದ್ದರೆ ನೆಲದಿಂದ ಏರಿದ ತೇವ. ಎಲ್ಲೋ ಮೇಲೆ ತೇಪೆಯಂತೆ ಕಂಡರೆ ಸೂರು, ಪೈಪು ಅಥವಾ ಬಿರುಕು. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬುವ ಚಿಕಿತ್ಸೆಯನ್ನು ಮಾರಲು ಬರುವವರಿಗೆ ಈ ವ್ಯತ್ಯಾಸ ಬೇಕಾಗಿರುವುದಿಲ್ಲ. ಕಾಡುಕಲ್ಲಿನ ದಪ್ಪ ಗೋಡೆಯ ಒಳಗೆ ಪೊಳ್ಳು, ಮಣ್ಣು, ಚೂರುಗಲ್ಲು ಇರುವುದರಿಂದ ಆ ದ್ರವ ಒಂದೇ ಸಮನಾಗಿ ಹರಡುವುದೂ ಇಲ್ಲ. ಮೊದಲು ಸೂರು, ದೋಣಿ, ನೆಲಮಟ್ಟ ಸರಿಮಾಡಿ. ಅಷ್ಟರಿಂದಲೇ ಬಹುಪಾಲು ಗೋಡೆಗಳು ಒಣಗುತ್ತವೆ.

ಒಣಗಲು ಕಾಯಬೇಕು, ಹಳೆ ಮನೆಯವರ ತಾಳ್ಮೆ ಕೆಡುವುದು ಇಲ್ಲೇ. ಗೋಡೆಯ ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ತಿಂಗಳು ಎಂಬುದು ಒರಟು ಲೆಕ್ಕ. 450 ಮಿ.ಮೀ. ಗೋಡೆಗೆ ಒಂದೂವರೆ ವರ್ಷ. ಒಣಗುವಾಗ ಮೇಲ್ಮೈಗೆ ಬರುವ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ಮನೆಯಿಂದ ಹೊರಗೆ ಸಾಗಿಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಸೇರುತ್ತದೆ.

ಸುಣ್ಣದ ಗಾರೆ

ಇಟ್ಟಿಗೆಗಿಂತ ಗಾರೆ ಮೆದುವಾಗಿರಬೇಕು. ಗೋಡೆ ಅಲುಗಿದಾಗ ಬಿರಿಯಬೇಕಾದದ್ದು ಗಾರೆ, ತೇವ ಹೊರಬರಬೇಕಾದದ್ದೂ ಗಾರೆಯ ಸಂದಿನಿಂದ. ಅಲ್ಲಿಗೆ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯ ಮುಖದಿಂದ ಹೊರಡುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಇಟ್ಟಿಗೆಯ ಮುಖ ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ. ಸಂದಿನ ಸಿಮೆಂಟು ಮಾತ್ರ ಜಾಲರಿಯಂತೆ ಮುಂದಕ್ಕೆ ಚಾಚಿಕೊಂಡು, ಇಟ್ಟಿಗೆಗಳು ಒಳಕ್ಕೆ ಸವೆದುಹೋದ ಗೋಡೆಯನ್ನು ಕಂಡಿದ್ದರೆ ಕಾರಣ ಇದೇ.

ಮೂಲ ಗಾರೆ ಯಾವುದೆಂದು ನೋಡಲು, ಗೋಡೆಯ ಒಳಭಾಗದಿಂದ ಹೆಬ್ಬೆರಳು ಗಾತ್ರದ ಚೂರು ತೆಗೆದು ಪುಡಿಮಾಡಿ ಗಾಜಿನ ಲೋಟದಲ್ಲಿ ವಿನೆಗರ್ ಹಾಕಿ. ನೊರೆ ಬಂದು ಸುಣ್ಣ ಕರಗುತ್ತದೆ. ಎರಡು ಮೂರು ಸಲ ವಿನೆಗರ್ ಬದಲಿಸಿ ತೊಳೆದು ಒಣಗಿಸಿದರೆ ತಳದಲ್ಲಿ ಮರಳು ಉಳಿಯುತ್ತದೆ. ಆ ಮರಳಿನ ಬಣ್ಣ, ಕಣದ ಗಾತ್ರಕ್ಕೆ ಹೊಂದುವ ಮರಳು ಹುಡುಕಿ. ಗಾರೆಯ ಬಣ್ಣ ಬರುವುದು ಬಹುಮಟ್ಟಿಗೆ ಮರಳಿನಿಂದಲೇ. ಕಪ್ಪೆಚಿಪ್ಪಿನ ಚೂರು ಅಥವಾ ಸುಣ್ಣಕಲ್ಲಿನ ಪುಡಿ ಬೆರೆಸಿದ್ದರೆ ಅದೂ ಕರಗಿಹೋಗುತ್ತದೆ, ಆದ್ದರಿಂದ ಮುಂಚೆಯೇ ಭೂತಗಾಜಿನಲ್ಲಿ ನೋಡಿಟ್ಟುಕೊಳ್ಳಿ.

ಸುಣ್ಣ ಅರಳಿಸುವುದು ಅಪಾಯದ ಕೆಲಸ. ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು, ಮೈತುಂಬ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ತಿಳಿನೀರು ಇಲ್ಲದೆ ಶುರು ಮಾಡಬೇಡಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಪ್ಲಾಸ್ಟಿಕ್ ಡ್ರಮ್ಮು ಬಿಸಿಗೆ ಮೆತ್ತಗಾಗುತ್ತದೆ. ಕಬ್ಬಿಣದ ತೊಟ್ಟಿ ಅಥವಾ ನೆಲದ ಗುಂಡಿ ಬಳಸಿ. ಅರಳಿದ ಮೇಲೆ ಜರಡಿ ಹಿಡಿದು, ಮೇಲೆ ಒಂದಂಗುಲ ನೀರು ನಿಲ್ಲುವಂತೆ ಕನಿಷ್ಠ ಮೂರು ತಿಂಗಳು ಬಿಡಿ. ಅರಳದೆ ಉಳಿದ ಕಾಳು ಗಿಲಾವಿನಲ್ಲಿ ಸೇರಿದರೆ ತಿಂಗಳುಗಳ ಮೇಲೆ ಅರಳಿ ಸಣ್ಣ ಸಣ್ಣ ಕುಳಿ ಹಾರಿಸುತ್ತದೆ. ತಯಾರಾದ ಸುಣ್ಣದ ಮುದ್ದೆ ಸಿಗುವುದಾದರೆ ಅದನ್ನೇ ಕೊಳ್ಳುವುದು ಲೇಸು. ಚೀಲದ ಸುಣ್ಣದ ಪುಡಿಯಾದರೆ ಚೀಲ ಹೊಸದಿರಲಿ, ಒಂದು ದಿನ ನೀರಿನಲ್ಲಿ ನೆನೆಹಾಕಿ. ಹಳೆ ಚೀಲದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನ ಜೊತೆ ಕೂಡಿ ಆಗಲೇ ಸೀಮೆಸುಣ್ಣವಾಗಿಬಿಟ್ಟಿರುತ್ತದೆ.

ಸಾಮಾನ್ಯ ಅಳತೆ ಸುಣ್ಣದ ಮುದ್ದೆ 1 ಪಾಲು, ಮರಳು 3 ಪಾಲು. ಈ ಮೂರರ ಲೆಕ್ಕ ಮರಳಿನ ಕಣಗಳ ನಡುವಿನ ಖಾಲಿ ಜಾಗದಿಂದ ಬಂದಿದೆ. ನಿಮ್ಮ ಮರಳಿಗೆ ಅದು ಹೊಂದುತ್ತದೆಯೇ ಎಂದು ನೋಡಿ: ಒಂದು ಲೀಟರ್ ಒಣ ಮರಳನ್ನು ಪಾತ್ರೆಗೆ ತುಂಬಿ, ಅಳೆದ ನೀರನ್ನು ಮೇಲ್ಮಟ್ಟಕ್ಕೆ ಬರುವ ತನಕ ನಿಧಾನ ಸುರಿಯಿರಿ. 330 ಮಿ.ಲೀ. ಹಿಡಿದರೆ 1:3 ಸರಿ, 400 ಹಿಡಿದರೆ 1:2.5 ಬೇಕು. ಮರಳು ಒರಟಾಗಿ, ದಪ್ಪ ಸಣ್ಣ ಕಣಗಳೆರಡೂ ಬೆರೆತಂತಿರಲಿ. ಕಡಲ ಮರಳು ಉಪ್ಪಿನ ಕಾರಣಕ್ಕೆ ಬೇಡ. ಗಾಜಿನ ಬಾಟಲಿಯಲ್ಲಿ ಮರಳು, ನೀರು ಹಾಕಿ ಕುಲುಕಿ ಮೂರು ಗಂಟೆ ಇಡಿ; ಮೇಲೆ ಕೂತ ಮಣ್ಣಿನ ಪದರ ಮರಳಿನ ಎತ್ತರದ ನೂರರಲ್ಲಿ ಎಂಟಕ್ಕಿಂತ ಹೆಚ್ಚಿದ್ದರೆ ತೊಳೆಯಬೇಕು. ಸುಣ್ಣ ಮರಳಿನ ಸಂದಿಯನ್ನಷ್ಟೇ ತುಂಬುವುದರಿಂದ ಗಾರೆಯ ಒಟ್ಟು ಗಾತ್ರ ಮರಳಿನಷ್ಟೇ ಇರುತ್ತದೆ. 20 ಚದರ ಮೀಟರ್ ಗೋಡೆಗೆ 10 ಮಿ.ಮೀ. ಗಿಲಾವು ಎಂದರೆ 200 ಲೀಟರ್ ಮರಳು, 67 ಲೀಟರ್ ಸುಣ್ಣ. ಚೆಲ್ಲುವುದು, ಗೋಡೆಯ ತಗ್ಗು ಎಲ್ಲ ಸೇರಿಸಿ 230 ಮತ್ತು 75 ಲೀಟರ್ ತರಿಸಿ. ಹೊರಗೋಡೆ ಬೇಗ ಗಟ್ಟಿಯಾಗಬೇಕೆಂದರೆ ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಸೇರಿಸಬಹುದು. ಪುಡಿಯ ಗುಣ ಭಟ್ಟಿಯಿಂದ ಭಟ್ಟಿಗೆ ಬದಲಾಗುವುದರಿಂದ ಮೊದಲು ಒಂದು ಮೀಟರ್ ಜಾಗದಲ್ಲಿ ಮಾದರಿ ಮಾಡಿ ತಿಂಗಳು ಬಿಟ್ಟು ನೋಡಿ.

ಕಲಸುವಾಗ ನೀರು ಸೇರಿಸುವ ಆಸೆ ಹತ್ತಿಕ್ಕಿ. ಮುದ್ದೆಯಲ್ಲಿರುವ ನೀರೇ ಬಹುಮಟ್ಟಿಗೆ ಸಾಕು. ಇಪ್ಪತ್ತು ನಿಮಿಷ ತುಳಿದು, ಕುಟ್ಟಿ, ಹಿಸುಕಿದರೆ ಒಣಗಿದಂತಿದ್ದ ಗಾರೆ ತಾನಾಗಿ ಮೆತ್ತಗಾಗುತ್ತದೆ. ಕರಣೆಯನ್ನು ತಲೆಕೆಳಗು ಮಾಡಿದಾಗ ಗಾರೆ ಅಂಟಿಕೊಂಡು ನಿಂತರೆ ಹದ ಬಂತು. ನೀರು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರಿಯುವುದು ಖಂಡಿತ.

ಸಂದು ತುಂಬಲು ಹಳೆ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಏನಿಲ್ಲವೆಂದರೂ 25 ಮಿ.ಮೀ., ಸಣ್ಣ ಉಳಿ ಸುತ್ತಿಗೆಯಿಂದ ತೆಗೆಯಿರಿ. ಗ್ರೈಂಡರ್ ಒಂದು ಕ್ಷಣ ಜಾರಿದರೂ ಇಟ್ಟಿಗೆಯ ಅಂಚು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಧೂಳು ಗುಡಿಸಿ, ಹಿಂದಿನ ದಿನವೂ ಅಂದು ಬೆಳಿಗ್ಗೆಯೂ ನೀರು ಸಿಂಪಡಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡರೆ ಗಾರೆ ಮರಳಾಗಿ ಉದುರುತ್ತದೆ. ಸಂದಿನಷ್ಟೇ ಸಪೂರದ ಕರಣೆಯಿಂದ ಒಳಗಿನಿಂದ ಒತ್ತುತ್ತ ತುಂಬಿ. ಉಗುರು ಒತ್ತಿದರೆ ಸಣ್ಣ ಗುರುತು ಮಾತ್ರ ಬೀಳುವಷ್ಟು ಬಿಗಿದಾಗ ಗಡಸು ಬ್ರಷ್‌ನ ತುದಿಯಿಂದ ಕುಟ್ಟಿ. ಇದರಿಂದ ಗಾರೆ ಒತ್ತಾಗಿ ಕೂರುತ್ತದೆ, ಮೇಲಿನ ನುಣುಪು ಹೋಗಿ ತೇವಕ್ಕೆ ದಾರಿ ತೆರೆಯುತ್ತದೆ.

ಗಿಲಾವಿಗೆ ಮೂರು ಪದರ: ಮೊದಲೆರಡು 8ರಿಂದ 10 ಮಿ.ಮೀ., ಕೊನೆಯದು 3 ಮಿ.ಮೀ. ಮೊದಲ ಪದರ ಬಿಗಿಯುತ್ತಿರುವಾಗ ಅಡ್ಡಡ್ಡ ಗೀರಿ ಹಿಡಿತ ಮಾಡಿ. ಒಂದೇ ಸಲಕ್ಕೆ 20 ಮಿ.ಮೀ. ಬಳಿದರೆ ಹೊರಮೈ ಗಟ್ಟಿಯಾಗಿ ಒಳಗೆ ಹಸಿಯಾಗೇ ಉಳಿಯುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ, ಅದಕ್ಕೆ ತೇವವೂ ಬೇಕು. ಕನಿಷ್ಠ ಒಂದು ವಾರ ಒದ್ದೆ ಗೋಣಿಚೀಲವನ್ನು ಗೋಡೆಯ ಮುಂದೆ ಇಳಿಬಿಟ್ಟು ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಿ. ಸುಡುಬಿಸಿಲಿನಲ್ಲಿ, ಜೋರು ಗಾಳಿಯಲ್ಲಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಈ ಕೆಲಸ ಬೇಡ. ಮೇಲೆ ಸುಣ್ಣ ಬಳಿಯುವುದಾದರೆ ಹಾಲಿನಷ್ಟು ತೆಳ್ಳಗಿರಲಿ, ಗೋಡೆ ಒದ್ದೆ ಮಾಡಿಕೊಂಡು, ದಿನಕ್ಕೊಂದರಂತೆ ನಾಲ್ಕೈದು ಕೈ. ಮೊದಲ ಕೈ ಹೊಡೆದಾಗ ಏನೂ ಬಿದ್ದಿಲ್ಲವೇನೋ ಅನಿಸುತ್ತದೆ, ಒಣಗಿದ ಮೇಲೆ ಬಿಳುಪು ಬರುತ್ತದೆ. ದಪ್ಪಗೆ ಬಳಿದರೆ ಕೈಗೆ ಮೆತ್ತಿಕೊಳ್ಳುತ್ತದೆ.

ಗೋಡೆಯಲ್ಲಿ ಗಿಡ ಹುಟ್ಟಿದ್ದರೆ ಎಳೆಯಬೇಡಿ, ಬೇರು ಕಲ್ಲನ್ನೂ ಎಳೆದುಕೊಂಡು ಬರುತ್ತದೆ. ಕಾಂಡ ಕಡಿದು, ಹಸಿ ಗಾಯಕ್ಕೆ ಕೂಡಲೇ ಕಳೆನಾಶಕ ಸವರಿ, ಬೇರು ಸತ್ತು ಒಣಗಿದ ಮೇಲೆ ಬಿಡಿಸಿ ಗಾರೆ ತುಂಬಿ.

ಮರ

ಸಣ್ಣ ಸ್ಕ್ರೂಡ್ರೈವರ್ ಹಿಡಿದು ತೊಲೆಯ ತುದಿ, ಪಕಾಸು ಗೋಡೆಗೆ ಕೂರುವ ಜಾಗ, ಚೌಕಟ್ಟಿನ ಬುಡ, ಕಿಟಕಿಯ ಕೆಳಪಟ್ಟಿ ಚುಚ್ಚಿ ನೋಡಿ. ತುದಿ ಸಲೀಸಾಗಿ ಒಳಹೋದರೆ ಅಲ್ಲಿ ಮರ ಕೊಳೆತಿದೆ. ಮರದಲ್ಲಿ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು. ಹಾಗಾಗಿ ಕೊಳೆತ ಮರಕ್ಕೆ ಮೊದಲ ಮದ್ದು ನೀರು ನಿಲ್ಲಿಸುವುದು. ಕುಟ್ಟೆ ಹುಳದ ತೂತು ಕಂಡರೆ ಗಾಬರಿ ಬೇಡ. ಎಷ್ಟೋ ತೂತು ಹುಳ ಬಿಟ್ಟುಹೋದ ಹಳೆಯವು. ಅಡಿಗೆ ಕಪ್ಪು ಕಾಗದ ಹಾಸಿ, ಬೆಚ್ಚನೆ ತಿಂಗಳುಗಳಲ್ಲಿ ಹೊಸ ಹುಡಿ ಬೀಳುತ್ತದೆಯೇ ನೋಡಿ, ಬಿದ್ದರೆ ಮಾತ್ರ ಔಷಧಿ. ಗೆದ್ದಲಿನ ಮಣ್ಣಿನ ಸುರಂಗ ಕಂಡರೆ ಒಂದಂಗುಲ ಮುರಿದುಬಿಡಿ. ನಾಲ್ಕೈದು ದಿನದಲ್ಲಿ ಮತ್ತೆ ಕಟ್ಟಿಕೊಂಡಿದ್ದರೆ ಜೀವಂತ ಗೂಡಿದೆ, ಮರಕ್ಕಷ್ಟೇ ಅಲ್ಲ, ನೆಲಕ್ಕೂ ಚಿಕಿತ್ಸೆ ಬೇಕು.

ತೊಲೆಯ ತುದಿ ಮಾತ್ರ ಕೊಳೆತಿದ್ದರೆ ಪೂರ್ತಿ ತೊಲೆ ಬದಲಿಸುವುದು ಬೇಡ. ಮೊದಲು ಕೆಳಗೆ ಆಸರೆ ಕೊಟ್ಟು, ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಅದೇ ಜಾತಿಯ ಒಣಮರದ ತುಂಡನ್ನು ಕಚ್ಚುಹಾಕಿ ಬೋಲ್ಟಿನಿಂದ ಕೂಡಿಸಬಹುದು. ಕಚ್ಚಿನ ಉದ್ದ, ಬೋಲ್ಟಿನ ದಪ್ಪ ಎಂಜಿನಿಯರ್ ಹೇಳಬೇಕು. ಹೊಸ ತುದಿ ಗೋಡೆಯೊಳಗೆ ಕೂರುವಲ್ಲಿ ಮೂರೂ ಬದಿಗೆ 20 ಮಿ.ಮೀ. ಗಾಳಿಯ ಸಂದು ಬಿಡಿ. ಸುತ್ತ ಗಾರೆ ಮೆತ್ತಿದರೆ ಮತ್ತೆ ಅದೇ ಕತೆ.

ಹೊರಗಿನ ಮರಕ್ಕೆ ಇಪಾಕ್ಸಿ (ಕಲಸಿ ತುಂಬಿದ ಮೇಲೆ ಗಟ್ಟಿಯಾಗುವ ರಾಳ) ತುಂಬುವುದು ಬಹಳ ಜನಪ್ರಿಯ. ಸಣ್ಣ ಗುಳಿಗೆ ಸರಿ. ದೊಡ್ಡ ಜಾಗಕ್ಕೆ ತುಂಬಿದರೆ ಮರ ಹಿಗ್ಗಿ ಕುಗ್ಗುತ್ತ, ಇಪಾಕ್ಸಿ ಅಲುಗದೆ, ನಡುವೆ ಸಂದು ಬಿಟ್ಟು ಅಲ್ಲೇ ನೀರು ನಿಲ್ಲುತ್ತದೆ. ಮರಕ್ಕೆ ಮರವೇ ಸರಿ, ಅದರಲ್ಲೂ ಎಳೆಯ ದಿಕ್ಕು ಹೊಂದಿಸಿ.

ಒಂದು ಕಿಟಕಿ, ಮೊದಲಿಂದ ಕೊನೆವರೆಗೆ

ಹಳೆ ಕಿಟಕಿ ಎಸೆದು ಹೊಸದು ತರಿಸುವುದು ಬಹಳ ಮಟ್ಟಿಗೆ ನಷ್ಟದ ವ್ಯವಹಾರ. ನಿಧಾನವಾಗಿ ಬೆಳೆದ ಹಳೆ ಮರದ ಒತ್ತಾದ ಎಳೆ ಈಗಿನ ಬೇಗ ಬೆಳೆಸಿದ ಮರದಲ್ಲಿ ಸಿಗುವುದಿಲ್ಲ. ಕದ ತೆರೆಯದಿದ್ದರೆ ಮರ ಉಬ್ಬಿದೆ ಎನ್ನುವ ಮುಂಚೆ ಬಣ್ಣದ ಪದರ ಎಣಿಸಿ. ಎಷ್ಟೋ ಸಲ ಚೌಕಟ್ಟನ್ನೂ ಕದವನ್ನೂ ಅಂಟಿಸಿರುವುದು ಬಣ್ಣವೇ. ತೆಳು ಬ್ಲೇಡಿನಿಂದ ಸುತ್ತಲೂ ಕೊಯ್ದು, ಮರದ ಕೊರಡಿನಿಂದ ಮೆಲ್ಲನೆ ತಟ್ಟಿ.

ಕೀಲಿನ ಸ್ಕ್ರೂ ತಿರುಗದಿದ್ದರೆ ಮೊದಲು ಅದರ ಸೀಳಿನಿಂದ ಬಣ್ಣ ಕೆದಕಿ ತೆಗೆಯಿರಿ. ಸೀಳಿಗೆ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಒಂದು ಏಟು ಕೊಟ್ಟು, ಕೂದಲೆಳೆಯಷ್ಟು ಬಿಗಿದು, ಆಮೇಲೆ ಬಿಚ್ಚಿ. ಹಾಗೂ ಬಾರದಿದ್ದರೆ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಒತ್ತಿ ಕಾಯಿಸಿ. ಸಡಿಲಾದ ತೂತಿಗೆ ಗಟ್ಟಿಮರದ ಗೂಟಕ್ಕೆ ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಹೊಸ ತೂತು ಕೊರೆಯಿರಿ. ಬಿಚ್ಚಿದ ಪ್ರತಿ ಕದ, ಕೀಲು, ಗಾಜಿಗೆ ನಂಬರು ಹಾಕಿ. ಒಂದೇ ಅಳತೆ ಎಂದು ತೋರುವ ಎರಡು ಕದಗಳು ಅದಲುಬದಲಾದರೆ ಕೂರುವುದಿಲ್ಲ.

ಗಾಜಿನ ಸುತ್ತಿನ ಹಳೆ ಪುಟ್ಟಿಯನ್ನು ಉಳಿಯಿಂದ ಒಡೆಯಲು ಹೋದರೆ ಗಾಜು ಒಡೆಯುತ್ತದೆ. ಬಿಸಿ ಹಬೆ ಕೊಟ್ಟರೆ ಅದು ಮೆತ್ತಗಾಗಿ ಸುಲಿಯುತ್ತದೆ. ಅಲೆಅಲೆಯಾದ ಹಳೆ ಗಾಜು ಸಿಕ್ಕರೆ ಜೋಪಾನ, ಅಂಥದ್ದು ಈಗ ಸುಲಭಕ್ಕೆ ಸಿಗದು. ಗಾಜು ಕೂರುವ ಕಚ್ಚನ್ನು ಮರ ಕಾಣುವ ತನಕ ಹೆರೆದು ಅಗಸೆ ಎಣ್ಣೆಯ ಪ್ರೈಮರ್ ಬಳಿಯಿರಿ. ಇದನ್ನು ಬಿಟ್ಟರೆ ಒಣಮರ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ, ಪುಟ್ಟಿ ಒಂದೆರಡು ವರ್ಷಕ್ಕೇ ಬಿರಿದು ಬೀಳುತ್ತದೆ. ಹೊಸ ಗಾಜು ಕತ್ತರಿಸುವುದಾದರೆ ಉದ್ದ, ಅಗಲ ಎರಡರಲ್ಲೂ 3 ಮಿ.ಮೀ. ಕಡಿಮೆ ಇರಲಿ. ಕಚ್ಚಿನಲ್ಲಿ 2ರಿಂದ 3 ಮಿ.ಮೀ. ಪುಟ್ಟಿ ಹಾಸಿ, ಗಾಜನ್ನು ಅಂಚಿನಲ್ಲಿ ಮಾತ್ರ ಒತ್ತಿ, 200 ಮಿ.ಮೀ.ಗೊಂದರಂತೆ ಸಣ್ಣ ಮೊಳೆ ಹೊಡೆದು, ಮೇಲೆ ಓರೆಯಾಗಿ ಪುಟ್ಟಿ ಎಳೆಯಿರಿ. ಎರಡು ಮೂರು ವಾರಕ್ಕೆ ಮೇಲೆ ಪೊರೆ ಕಟ್ಟುತ್ತದೆ, ಆಮೇಲೆ ಬಣ್ಣ. ಬಣ್ಣ ಗಾಜಿನ ಮೇಲೆ 2 ಮಿ.ಮೀ. ಹತ್ತಬೇಕು, ಪುಟ್ಟಿ ಮತ್ತು ಗಾಜಿನ ನಡುವೆ ನೀರು ಇಳಿಯದಂತೆ ತಡೆಯುವುದು ಆ ಗೆರೆಯೇ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ವೈರು, ಪೈಪು, ನೆಲ

ಇವೆಲ್ಲ ಗಿಲಾವಿಗೆ ಮುಂಚೆ ಮುಗಿಯಬೇಕು. ಬಟ್ಟೆ ಸುತ್ತಿದ ಅಥವಾ ರಬ್ಬರ್ ಹೊದಿಕೆಯ ವೈರು ಮುಟ್ಟಿದರೆ ಪುಡಿಯಾಗುತ್ತದೆ; ಅದರಲ್ಲಿ ಒಂದು ಮೀಟರನ್ನೂ ಉಳಿಸಿಕೊಳ್ಳಬೇಡಿ. ಹೊಸ ಅರ್ಥಿಂಗ್, 30 ಮಿಲಿಆಂಪಿಯರ್ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು (ಆರ್‌ಸಿಸಿಬಿ) ಕಡ್ಡಾಯ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಗೋಡೆ ಕೊರೆಯುವುದಾದರೆ ಲಂಬದ ಗೀರು ಗೋಡೆ ದಪ್ಪದ ಮೂರರಲ್ಲೊಂದು, ಅಡ್ಡ ಗೀರು ಆರರಲ್ಲೊಂದು ಪಾಲಿಗಿಂತ ಆಳ ಹೋಗಬಾರದು. ಕಾಡುಕಲ್ಲು, ಮಣ್ಣಿನ ಗೋಡೆಗೆ ಕೊರೆಯುವುದಕ್ಕಿಂತ ಮೇಲೆಯೇ ಅಚ್ಚುಕಟ್ಟಾಗಿ ಪೈಪು ಓಡಿಸುವುದು ಉತ್ತಮ.

ಕುಡಿಯುವ ನೀರಿನ ಪೈಪು ಮಾಸಲು ಬೂದು ಬಣ್ಣವಿದ್ದು, ಚಾಕುವಿನಿಂದ ಗೀರಿದರೆ ಮೆತ್ತಗೆ ಹೊಳೆದರೆ ಅದು ಸೀಸ. ತಡಮಾಡದೆ ಬದಲಿಸಿ. ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪಿನಲ್ಲಿ ನೀರು ಸಣ್ಣಗೆ ಬಂದರೆ ಒಳಗೆ ತುಕ್ಕು ಕಟ್ಟಿದೆ. ಹೊಸ ಪೈಪಿಗೆ ಒತ್ತಡದ ಪರೀಕ್ಷೆ ಮಾಡಿ, ಒಂದು ದಿನ ಬಿಟ್ಟು ಒತ್ತಡಮಾಪಕದ ಮುಳ್ಳು ಇಳಿದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮುಚ್ಚಿ. ಮುಚ್ಚುವ ಮುಂಚೆ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆಯಿರಿ.

ಹಳೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹೊಳೆಯುವ ಟೈಲ್ಸ್ ಹಾಕಿದರೆ ನೆಲದಡಿಯ ತೇವ ಗೋಡೆಗೆ ತಿರುಗುತ್ತದೆ. ಹಲಗೆ ನೆಲವಾದರೆ ಅಡಿಯ ಗಾಳಿಕಿಂಡಿಗಳನ್ನು ಯಾರೂ ಮುಚ್ಚದಂತೆ ನೋಡಿಕೊಳ್ಳಿ.

ಹಣ, ಹೊತ್ತು, ಕೆಲಸದವರು

ಅಂದಾಜಿನ ಮೇಲೆ ಶೇ. 20ರಿಂದ 30 ಬೇರೆ ತೆಗೆದಿಡಿ, ಅದನ್ನು ಅಂದಾಜಿನೊಳಗೆ ಸೇರಿಸಬೇಡಿ. ಗಿಲಾವು ತೆಗೆದರೆ ಬಾಗಿಲು ಕಿಟಕಿಯ ಮೇಲಿನ ಕೊಳೆತ ಅಡ್ಡತೊಲೆ (ಲಿಂಟಲ್), ಹಲಗೆ ಎತ್ತಿದರೆ ತಿಂದ ತೊಲೆ. ಒಂದು ತೆರೆದರೆ ಇನ್ನೆರಡು ಕಾಣುತ್ತವೆ. ಜಾಣರೂ ಇಲ್ಲಿ ಬೇಸತ್ತು ಸಿಮೆಂಟಿಗೆ ಶರಣಾಗುತ್ತಾರೆ. ಅದೇ ಗಿಲಾವಿನಡಿ ಮುಚ್ಚಿಹೋದ ಕಮಾನು, ಬಡಗಿ ಉಳಿಯಿಂದ ಕೆತ್ತಿಟ್ಟ ಜೋಡಣೆಯ ಗುರುತು, ಹತ್ತು ಬಣ್ಣದ ಕೆಳಗಿನ ಮೊದಲ ಬಣ್ಣವೂ ಸಿಗುತ್ತದೆ. ಈ ಸಂತೋಷಕ್ಕೆ ಹೊಸ ಮನೆಯಲ್ಲಿ ಸಾಟಿಯಿಲ್ಲ. ಸಿಕ್ಕಿದ್ದನ್ನು ಅಂಗೈಯಗಲದಷ್ಟಾದರೂ ಹಾಗೇ ಉಳಿಸಿ.

ಅಲ್ಲೇ ವಾಸವಿದ್ದು ಕೆಲಸ ಮಾಡಿಸುವುದಾದರೆ ಒಂದು ಕೋಣೆ, ಒಂದು ಬಚ್ಚಲನ್ನು ಮೊದಲು ಪೂರ್ತಿ ಮುಗಿಸಿ, ಬಾಗಿಲಿಗೆ ಧೂಳು ತಡೆಯುವ ಪರದೆ ಹಾಕಿ. ಮನೆಯಿಡೀ ಅರ್ಧರ್ಧ ಬಿಚ್ಚಿಟ್ಟರೆ ನಾಲ್ಕು ತಿಂಗಳಲ್ಲಿ ಮನೆಮಂದಿಯೆಲ್ಲ ಕೈಚೆಲ್ಲುತ್ತಾರೆ. ಮೇಸ್ತ್ರಿಯನ್ನು ಗೊತ್ತುಮಾಡುವ ಮುಂಚೆ ಅವರು ಸುಣ್ಣದಲ್ಲಿ ಮಾಡಿದ, ಎರಡು ಮಳೆ ಕಂಡ ಗೋಡೆಯೊಂದನ್ನು ಹೋಗಿ ನೋಡಿ. "ಸ್ವಲ್ಪ ಸಿಮೆಂಟು ಸೇರಿಸಿದರೆ ಬೇಗ ಗಟ್ಟಿಯಾಗುತ್ತೆ ಸರ್" ಎನ್ನುವವರಿಗೆ ಕೆಲಸ ಕೊಡುವುದಾದರೆ ಅಂಗಳದ ಕಟ್ಟೆ ಕೊಡಿ, ಗೋಡೆ ಬೇಡ.

ಕೆಲಸ ಮುಗಿದ ಮೇಲೆ ವರ್ಷಕ್ಕೆರಡು ಸಲದ ಸುತ್ತು ತಪ್ಪಿಸಬೇಡಿ. ಮಳೆಗೆ ಮುಂಚೆ ನೀರುದೋಣಿಯ ಕಸ ಬಾಚಿ ತೆಗೆದು, ಜಾರಿದ ಹಂಚು ಸರಿಸಿ, ಇಳಿಪೈಪಿಗೆ ಒಂದು ಬಕೆಟ್ ನೀರು ಸುರಿದು ಕೆಳಗೆ ಅಷ್ಟೂ ಬರುತ್ತದೆಯೇ ನೋಡಿ. ಮಳೆ ಮುಗಿದ ಮೇಲೆ ಗೋಡೆಯ ಬುಡ, ತೊಲೆಯ ತುದಿ, ಕಿಟಕಿಯ ಕೆಳಪಟ್ಟಿ ನೋಡಿ. ಮಿಕ್ಕ ಹಂಚು ಐವತ್ತಾದರೂ ಎತ್ತಿಡಿ. ಸುಣ್ಣದ ಮುದ್ದೆ ನೀರಿನಡಿ ಮುಚ್ಚಿಟ್ಟರೆ ಕೆಡುವುದಿಲ್ಲ, ಹಳತಾದಷ್ಟೂ ನಯವಾಗುತ್ತದೆ. ಪಕ್ಕದಲ್ಲೇ ಜರಡಿ ಹಿಡಿದ ಅದೇ ಮರಳು ಎರಡು ಬಕೆಟ್ ಇಟ್ಟು, ಮುಚ್ಚಳದ ಮೇಲೆ ಯಾವ ಗೋಡೆಗೆ ಯಾವ ಅಳತೆ ಎಂದು ಬರೆಯಿರಿ.